ಗೌಟ್‌ಗೆ ಅಲೋಪ್ಯುರಿನಾಲ್ ಶುರು ಮಾಡೋ ಮುಂಚೆ ಒಂದು ಜೀನ್ ಟೆಸ್ಟ್: ಯಾರಿಗೆ ಬೇಕು, ಹೇಗೆ ಮಾಡಿಸೋದು

ಮೊದಲೇ ಹೇಳಿಬಿಡುತ್ತೇನೆ, ಇದು ಅಲೋಪ್ಯುರಿನಾಲ್ ಮಾತ್ರೆಯನ್ನು ಬೈಯೋಕೆ ಬರೆದದ್ದಲ್ಲ. ಗೌಟ್ ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ, ಅದರ ಹರಳು ಕೀಲಲ್ಲಿ ಕೂತು ಊತ, ನೋವು ತರೋ ಕಾಯಿಲೆ. ಆ ಯೂರಿಕ್ ಆಸಿಡ್ ಇಳಿಸೋ ಮಾತ್ರೆ ಅಲೋಪ್ಯುರಿನಾಲ್. ನಮ್ಮಲ್ಲಿ ಜಾಸ್ತಿ ಜನಕ್ಕೆ ಜೈಲೋರಿಕ್ ಅನ್ನೋ ಬ್ರ್ಯಾಂಡ್ ಹೆಸರು ಹೇಳಿದರೆ ಗೊತ್ತಾಗುತ್ತದೆ. 1966ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಮಾತ್ರೆ. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಇಬ್ಬರಿಗೂ ಔಷಧಿ ಸಂಶೋಧನೆಗಾಗಿ 1988ರಲ್ಲಿ ನೊಬೆಲ್ ಬಂತು. ಬೆಲೆ ಕಡಿಮೆ, ಯೂರಿಕ್ ಆಸಿಡ್ ಇಳಿಸೋದರಲ್ಲಿ ಇವತ್ತಿಗೂ ಇದೇ ಮೊದಲ ಆಯ್ಕೆ. ತೆಗೆದುಕೊಳ್ಳೋ ಬಹುಪಾಲು ಜನಕ್ಕೆ ಏನೂ ಆಗೋದಿಲ್ಲ.

ಆದರೆ ಕೆಲವೇ ಕೆಲವರಿಗೆ ಆಗುತ್ತದೆ, ಆದಾಗ ಅದು ಸಾಮಾನ್ಯ ಅಲರ್ಜಿ ಥರ ಎರಡು ಸಿಟ್ರಿಜಿನ್ ನುಂಗಿದರೆ ಹೋಗುವಂಥದ್ದಲ್ಲ. ಚರ್ಮ ಸುಟ್ಟ ಗಾಯದ ಹಾಗೆ ಸುಲಿದು ಬರುತ್ತದೆ, ಬಾಯಿ, ಕಣ್ಣು, ಮೂತ್ರದ ಜಾಗ ಎಲ್ಲಾ ಹುಣ್ಣಾಗುತ್ತದೆ. ಹೀಗೆ ಸುಲಿಯುವುದು ಮೈಯ ಶೇಕಡ 10ಕ್ಕಿಂತ ಕಡಿಮೆ ಇದ್ದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತಾರೆ, 30 ದಾಟಿದರೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್. ಇನ್ನೊಂದು ಬಗೆಯಲ್ಲಿ ಚರ್ಮದ ಜೊತೆ ಲಿವರ್, ಕಿಡ್ನಿಗೂ ಪೆಟ್ಟು ಬೀಳುತ್ತದೆ, ಅದಕ್ಕೆ ಡ್ರೆಸ್ (DRESS, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಅಂತ ಹೆಸರು. ಇವುಗಳಲ್ಲಿ ಸಾಯುವವರೂ ಇದ್ದಾರೆ. ಬದುಕಿದವರಲ್ಲಿ ಕೆಲವರಿಗೆ ಕಣ್ಣಿನ ತೊಂದರೆ ಜೀವಮಾನವಿಡೀ ಉಳಿಯುತ್ತದೆ.

ಇದು ಯಾರಿಗೆ ಆಗಬಹುದು ಅಂತ ಮುಂಚೆಯೇ ಸುಮಾರು ಮಟ್ಟಿಗೆ ಗೊತ್ತು ಮಾಡಿಕೊಳ್ಳಬಹುದು. ಜೀವನದಲ್ಲಿ ಒಂದೇ ಸಲ ಮಾಡಿಸೋ ರಕ್ತ ಪರೀಕ್ಷೆ ಸಾಕು. ನಾನು ಇಲ್ಲಿ ಒತ್ತಿ ಹೇಳೋದು ಕ್ರಮದ ಬಗ್ಗೆ: ಮೊದಲು ಟೆಸ್ಟ್, ಆಮೇಲೆ ಮಾತ್ರೆ. ಮಾತ್ರೆ ಶುರು ಮಾಡಿ ಮೂರನೇ ವಾರ ಮೈಯೆಲ್ಲಾ ಕೆಂಪಾದ ಮೇಲೆ ಟೆಸ್ಟ್‌ಗೆ ಓಡಿದರೆ ಅಪಾಯ ಆಗಲೇ ಮೈಮೇಲೆ ಬಂದಿರುತ್ತದೆ.

ಜೀನ್‌ಗೂ ಗೌಟ್ ಮಾತ್ರೆಗೂ ಏನು ಸಂಬಂಧ

ನಮ್ಮ ಜೀವಕೋಶಗಳ ಮೇಲೆ ಎಚ್‌ಎಲ್‌ಎ ಅನ್ನೋ ಪ್ರೋಟೀನ್‌ಗಳು ಇರುತ್ತವೆ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದು ತೋರಿಸ್ತೀವಲ್ಲ, ಹಾಗೆ ಇವು ಕೋಶದ ಒಳಗೆ ಏನೇನಿದೆ ಅಂತ ಚೂರುಗಳನ್ನು ಹೊರಗೆ ಹಿಡಿದು ತೋರಿಸುತ್ತವೆ. ರೋಗನಿರೋಧಕ ಕೋಶಗಳು ಬಂದು ನೋಡುತ್ತವೆ, ನಮ್ಮದೇ ಅನಿಸಿದರೆ ಸುಮ್ನೆ ಹೋಗುತ್ತವೆ, ಹೊರಗಿನದು ಅನಿಸಿದರೆ ಆ ಕೋಶವನ್ನು ಕೊಲ್ಲುತ್ತವೆ. ಈ ಪ್ರೋಟೀನ್‌ಗಳಲ್ಲಿ ಸಾವಿರಾರು ಬಗೆ. ಅದರಲ್ಲಿ ಒಂದರ ಹೆಸರು ಎಚ್‌ಎಲ್‌ಎ-ಬಿ*58:01. ಅದನ್ನು ತಯಾರಿಸೋ ಜೀನ್‌ಗೂ ಇದೇ ಹೆಸರು.

ಅಲೋಪ್ಯುರಿನಾಲ್ ಮೈಯೊಳಗೆ ಹೋಗಿ ಆಕ್ಸಿಪ್ಯುರಿನಾಲ್ ಆಗುತ್ತದೆ. ಯೂರಿಕ್ ಆಸಿಡ್ ತಯಾರಾಗೋದನ್ನು ಮುಖ್ಯವಾಗಿ ತಡೆಯೋದು ಇದೇ. ತೊಂದರೆ ಏನಂದರೆ, ಇದು ಈ 58:01 ಬಗೆಯ ಪ್ರೋಟೀನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಕೆಲವರ ರೋಗನಿರೋಧಕ ಕೋಶಗಳು ತಮ್ಮದೇ ಚರ್ಮವನ್ನು ಪರಕೀಯ ಅಂದುಕೊಂಡು ದಾಳಿ ಮಾಡುತ್ತವೆ. ಆಕ್ಸಿಪ್ಯುರಿನಾಲ್ ಮೈಯಿಂದ ಹೊರಗೆ ಹೋಗೋದು ಕಿಡ್ನಿ ಮೂಲಕ. ಹಾಗಾಗಿ ಕಿಡ್ನಿ ಸೋತಿರೋರಲ್ಲಿ ಅದು ಜಾಸ್ತಿ ಹೊತ್ತು, ಜಾಸ್ತಿ ಪ್ರಮಾಣದಲ್ಲಿ ಉಳಿಯುತ್ತದೆ, ಅಪಾಯವೂ ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಈ ನಂಟು ಗೊತ್ತಾಗಿದ್ದು ತೈವಾನ್‌ನಲ್ಲಿ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲೋಪ್ಯುರಿನಾಲ್‌ನಿಂದ ಇಂಥ ತೀವ್ರ ತೊಂದರೆ ಆದ 51 ಹಾನ್ ಚೀನೀ ರೋಗಿಗಳನ್ನು ನೋಡಿದರೆ 51 ಮಂದಿಗೂ ಈ ಜೀನ್ ಇತ್ತು. ಮಾತ್ರೆ ತಿಂದು ಏನೂ ಆಗದ 135 ಜನರಲ್ಲಿ ಇದ್ದದ್ದು 20 ಜನಕ್ಕೆ ಮಾತ್ರ. ಆಮೇಲೆ ಅದೇ ತೈವಾನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸುಮಾರು 2,900 ಜನಕ್ಕೆ ಮೊದಲೇ ಟೆಸ್ಟ್ ಮಾಡಿ, ಜೀನ್ ಇದ್ದ 571 ಜನಕ್ಕೆ ಅಲೋಪ್ಯುರಿನಾಲ್ ಬೇಡ ಅಂದರು, ಇಲ್ಲದವರಿಗೆ ಕೊಟ್ಟರು, ಎರಡು ತಿಂಗಳು ಪ್ರತಿ ವಾರ ವಿಚಾರಿಸಿಕೊಂಡರು. ಟೆಸ್ಟ್ ಇಲ್ಲದಿದ್ದರೆ ಹಳೇ ಲೆಕ್ಕದ ಪ್ರಕಾರ ಏಳು ಜನಕ್ಕೆ ತೀವ್ರ ತೊಂದರೆ ಆಗಬೇಕಿತ್ತು. ಒಬ್ಬರಿಗೂ ಆಗಲಿಲ್ಲ. ಇದು 2015ರಲ್ಲಿ ಪ್ರಕಟವಾಯಿತು. ಟೆಸ್ಟ್ ಮಾಡಿಸೋದರಿಂದ ನಿಜವಾಗಿ ಜೀವ ಉಳಿಯುತ್ತಾ ಅನ್ನೋ ಪ್ರಶ್ನೆಗೆ ನನಗೆ ಇದಕ್ಕಿಂತ ನೇರ ಉತ್ತರ ಬೇಡ.

ಮೊದಲನೇ ಹೆಜ್ಜೆ: ಮಾತ್ರೆ ಬೇಕೇ ಬೇಕಾ ಕೇಳಿ

ಟೆಸ್ಟ್ ವಿಷಯಕ್ಕೆ ಹೋಗೋ ಮುಂಚೆ ಇದನ್ನು ಮುಗಿಸೋಣ, ಯಾಕೆಂದರೆ ಅತಿ ಸುಲಭವಾಗಿ ತಪ್ಪಿಸಬಹುದಾದ ಅನಾಹುತ ಇರೋದು ಇಲ್ಲೇ.

ನಮ್ಮ ಕಡೆ ನಡೆಯೋದು ಹೀಗೆ. ಮಾಸ್ಟರ್ ಹೆಲ್ತ್ ಚೆಕಪ್ ಅಂತ ಒಂದು ಪ್ಯಾಕೇಜ್ ಮಾಡಿಸುತ್ತಾರೆ. ರಿಪೋರ್ಟ್‌ನಲ್ಲಿ ಯೂರಿಕ್ ಆಸಿಡ್ 7.8 ಅಂತ ದಪ್ಪ ಅಕ್ಷರದಲ್ಲಿ ಬಂದಿರುತ್ತದೆ, ಪಕ್ಕದಲ್ಲಿ 'ಹೈ' ಅಂತ ಗುರುತು. ಹೆಬ್ಬೆರಳು ಒಂದು ದಿನವೂ ಊದಿಲ್ಲ, ನೋವಿಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ. ಆದರೂ ಯಾರೋ ಒಂದು ಮಾತ್ರೆ ಬರೆದುಕೊಡುತ್ತಾರೆ, ಇಲ್ಲಾ ಮೆಡಿಕಲ್ ಸ್ಟೋರ್‌ನಲ್ಲಿ ರಿಪೋರ್ಟ್ ತೋರಿಸಿದರೆ ಅವರೇ ಸ್ಟ್ರಿಪ್ ಕತ್ತರಿಸಿ ಕೊಟ್ಟುಬಿಡುತ್ತಾರೆ. ಅಲೋಪ್ಯುರಿನಾಲ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಆದರೂ ಮಾರುತ್ತಾರೆ, ಎಲ್ಲರಿಗೂ ಗೊತ್ತಿರೋ ವಿಷಯ.

ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಅನ್ನೋ ಕೀಲುರೋಗ ತಜ್ಞರ ಸಂಘದವರ 2020ರ ಮಾರ್ಗದರ್ಶಿಯಲ್ಲಿ, ಯೂರಿಕ್ ಆಸಿಡ್ ಬರೀ ಜಾಸ್ತಿ ಇದ್ದು ಒಂದು ಸಲವೂ ಗೌಟ್ ಬಾರದವರಿಗೆ ಮಾತ್ರೆ ಶುರು ಮಾಡಬೇಡಿ ಅಂತಲೇ ಸಲಹೆ ಇದೆ. ಮಾತ್ರೆ ಖಂಡಿತ ಬೇಕಾಗೋದು ವರ್ಷಕ್ಕೆ ಎರಡು ಅಥವಾ ಜಾಸ್ತಿ ಸಲ ಗೌಟ್ ಹೊಡೆತ ಬರುವವರಿಗೆ, ಚರ್ಮದಡಿ ಗಂಟು ಕಟ್ಟಿದವರಿಗೆ, ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಾಣುವವರಿಗೆ. ಮೊದಲನೇ ಸಲವೇ ಬಂದಿದ್ದರೂ ಕಿಡ್ನಿ ಸಾಕಷ್ಟು ಸೋತಿದ್ದರೆ, ಯೂರಿಕ್ ಆಸಿಡ್ 9 ದಾಟಿದ್ದರೆ, ಕಲ್ಲಿನ ತೊಂದರೆ ಇದ್ದರೆ ಆಗಲೂ ಯೋಚಿಸುತ್ತಾರೆ. ತೈವಾನ್‌ನ ದೊಡ್ಡ ಲೆಕ್ಕವೊಂದರಲ್ಲಿ, ಯಾವ ತೊಂದರೆಯೂ ಇಲ್ಲದೆ ಬರೀ ನಂಬರ್ ನೋಡಿ ಮಾತ್ರೆ ತಿಂದವರಲ್ಲಿ, ಅದರಲ್ಲೂ ಕಿಡ್ನಿ ಅಥವಾ ಹೃದಯದ ಕಾಯಿಲೆ ಇದ್ದವರಲ್ಲಿ, ಈ ಅಪಾಯ ಜಾಸ್ತಿ ಕಂಡಿದೆ. ಬೇಡದ ಮಾತ್ರೆ ತಿಂದು ಐಸಿಯು ಸೇರೋದು ಅಂದರೆ ಯಾವ ನ್ಯಾಯ ಹೇಳಿ.

ಇನ್ನೊಂದು ವಿಷಯ. ನಿಮ್ಮ ಬಿಪಿ ಮಾತ್ರೆ ಸ್ಟ್ರಿಪ್ ಈಗಲೇ ತೆಗೆದು ನೋಡಿ. ಹೆಸರಿನ ಕೊನೆಗೆ 'ಎಚ್' ಅಂತಲೋ 'ಸಿಟಿ' ಅಂತಲೋ ಇದ್ದರೆ, ಅದರೊಳಗೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಲಿಡೋನ್ ಅನ್ನೋ ನೀರು ಹೋಗಿಸೋ ಔಷಧಿ ಸೇರಿರುವ ಸಾಧ್ಯತೆ ಇದೆ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇವು ಯೂರಿಕ್ ಆಸಿಡ್ ಏರಿಸುತ್ತವೆ, ಅಲೋಪ್ಯುರಿನಾಲ್ ಜೊತೆ ಸೇರಿದರೆ ಚರ್ಮದ ಅಪಾಯವೂ ಏರುತ್ತದೆ ಅಂತ ಹೇಳುತ್ತಾರೆ. ಲೊಸಾರ್ಟಾನ್ ಅನ್ನೋ ಬಿಪಿ ಮಾತ್ರೆ ಇದಕ್ಕೆ ಉಲ್ಟಾ, ಯೂರಿಕ್ ಆಸಿಡ್ ಸ್ವಲ್ಪ ಇಳಿಸುತ್ತದೆ. ನೀವಾಗಿ ಬದಲಾಯಿಸಬೇಡಿ, ಆದರೆ ಡಾಕ್ಟರ್ ಹತ್ತಿರ ಸ್ಟ್ರಿಪ್ ತೋರಿಸಿ ಕೇಳಿ. ಕೆಲವರಿಗೆ ಬಿಪಿ ಮಾತ್ರೆ ಬದಲಾಯಿಸಿದ ಮೇಲೆ ಗೌಟ್ ಮಾತ್ರೆಯ ಮಾತೇ ಬರೋದಿಲ್ಲ.

ಯಾರು ಟೆಸ್ಟ್‌ಗೆ ಒತ್ತಾಯ ಮಾಡಬೇಕು

ಎಲ್ಲರಿಗೂ ಮಾಡಿಸಿ ಅಂತ ಆ ಅಮೆರಿಕದ ಮಾರ್ಗದರ್ಶಿ ಹೇಳೋದಿಲ್ಲ. ಹಾನ್ ಚೀನೀ, ಕೊರಿಯನ್, ಥಾಯ್ ಮೂಲದವರಿಗೆ ಮತ್ತು ಆಫ್ರಿಕನ್ ಅಮೆರಿಕನ್ನರಿಗೆ ಮುಂಚೆಯೇ ಟೆಸ್ಟ್ ಮಾಡಿ ಅನ್ನುತ್ತದೆ, ಯಾಕೆಂದರೆ ಇವರಲ್ಲಿ ಈ ಜೀನ್ ಜಾಸ್ತಿ. ತೈವಾನ್ ಅಧ್ಯಯನದಲ್ಲಿ ನೂರಕ್ಕೆ ಸುಮಾರು 20 ಜನಕ್ಕೆ ಇತ್ತು. ಅಮೆರಿಕದ ಆಫ್ರಿಕನ್ ಮೂಲದವರಲ್ಲಿ ನೂರಕ್ಕೆ ನಾಲ್ಕರ ಹತ್ತಿರ, ಬಿಳಿಯರಲ್ಲಿ ಒಂದಕ್ಕಿಂತ ಕಡಿಮೆ.

ಹಾಗಾದರೆ ನಮ್ಮ ಕಥೆ ಏನು? ಆ ಪಟ್ಟಿಯಲ್ಲಿ ಭಾರತೀಯರ ಹೆಸರಿಲ್ಲ. ಇಲ್ಲ ಅಂದ ಮಾತ್ರಕ್ಕೆ ನಮ್ಮಲ್ಲಿ ಈ ಜೀನ್ ಇಲ್ಲ ಅಂತಲ್ಲ. ಭಾರತದಲ್ಲಿ ಇದು ಅಪರೂಪವೇನಲ್ಲ, ಸಮುದಾಯದಿಂದ ಸಮುದಾಯಕ್ಕೆ ಪ್ರಮಾಣ ಬೇರೆ ಬೇರೆ. ಎಷ್ಟೋ ಪೀಳಿಗೆ ತಮ್ಮತಮ್ಮೊಳಗೇ ಮದುವೆಯಾದ ಜನ ನಾವು, ಒಂದು ಜಾತಿಯ ಲೆಕ್ಕ ಇನ್ನೊಂದಕ್ಕೆ ಹೊಂದೋದಿಲ್ಲ. ಹಾಗಾಗಿ 'ಇಂಡಿಯನ್ಸ್‌ಗೆ ಬೇಕಾಗಿಲ್ಲ ಬಿಡಿ' ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಎಲ್ಲರೂ ಮಾಡಿಸಲೇಬೇಕು ಅಂತಲೂ ಹೇಳೋದಿಲ್ಲ, ದುಡ್ಡು ಎಲ್ಲರ ಹತ್ತಿರ ಒಂದೇ ಸಮ ಇರೋದಿಲ್ಲ.

ಕಿಡ್ನಿ ಸೋತಿರುವವರು, ವಯಸ್ಸಾದವರು, ಆಗ ಹೇಳಿದ 'ಎಚ್' ಥರದ ಬಿಪಿ ಮಾತ್ರೆ ಬಿಡಲು ಆಗದವರು, ಮನೆಯಲ್ಲಿ ಯಾರಿಗಾದರೂ ಈ ಮಾತ್ರೆಯಿಂದ ಮೈ ಸುಲಿದ ಇತಿಹಾಸ ಇರುವವರು, ಇವರು ಮಾತ್ರ ಖಂಡಿತ ಕೇಳಿ. ಕಿಡ್ನಿ ವಿಷಯಕ್ಕೆ ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ನಂಬರ್ ಒಂದನ್ನೇ ನಂಬಬೇಡಿ. 70 ವರ್ಷದ ತೆಳ್ಳಗಿನ ಅಜ್ಜಿಯ ಕ್ರಿಯಾಟಿನಿನ್ 1.2 ಅಂದರೆ ನೋಡೋಕೆ ನಾರ್ಮಲ್, ಆದರೆ ಕಿಡ್ನಿ ಅರ್ಧದಷ್ಟೇ ಕೆಲಸ ಮಾಡುತ್ತಿರಬಹುದು. ಇಜಿಎಫ್‌ಆರ್ (eGFR), ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನೋ ಅಂದಾಜು, ಎಷ್ಟು ಅಂತ ಕೇಳಿ. ಅದು 60ಕ್ಕಿಂತ ಕಡಿಮೆ ಇದ್ದರೆ ಹುಷಾರಾಗಬೇಕು.

ಡಾಕ್ಟರ್ ಹತ್ತಿರ ಕೇಳೋದು ಹೇಗೆ ಅನ್ನೋದೇ ಕೆಲವರಿಗೆ ಕಷ್ಟ. ಮೊಬೈಲ್ ನೋಡಿಕೊಂಡು ಬಂದು ನನಗೇ ಪಾಠ ಹೇಳ್ತಾನೆ ಅಂದುಕೊಂಡರೆ ಅಂತ ಸಂಕೋಚ. ಸೀದಾ ಕೇಳಿ: 'ಡಾಕ್ಟ್ರೇ, ನನ್ನ ಇಜಿಎಫ್‌ಆರ್ ಕಡಿಮೆ ಇದೆ, ಅಲೋಪ್ಯುರಿನಾಲ್ ಶುರು ಮಾಡೋ ಮುಂಚೆ ಎಚ್‌ಎಲ್‌ಎ-ಬಿ 58:01 ಟೆಸ್ಟ್ ಮಾಡಿಸಿಬಿಡಲಾ?' ಅವರು ಬೇಡ ಅಂದರೆ ಯಾಕೆ ಅಂತ ಕೇಳಿ, ಕಾರಣ ಸರಿ ಇರಬಹುದು. ಬಹುಶಃ ಯೂರಿಕ್ ಆಸಿಡ್ ಇಳಿಸೋ ಇನ್ನೊಂದು ಮಾತ್ರೆ ಫೆಬುಕ್ಸೊಸ್ಟಾಟ್ ಬರೆಯೋ ಯೋಚನೆಯಲ್ಲೇ ಇರುತ್ತಾರೆ, ಅದಕ್ಕೆ ಈ ಟೆಸ್ಟ್ ಬೇಕಾಗಿಲ್ಲ. ರುಮಟಾಲಜಿಸ್ಟ್‌ಗಳಿಗೆ ಈ ಹೆಸರು ಹೇಳಿದ ತಕ್ಷಣ ಗೊತ್ತಾಗುತ್ತದೆ.

ಲ್ಯಾಬ್‌ನಲ್ಲಿ ಏನು ಹೇಳಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ನೀರಲ್ಲಿ ಹೋಮ ಆಗೋದು ಇಲ್ಲೇ. ನಮ್ಮ ಲ್ಯಾಬ್‌ಗಳಲ್ಲಿ 'ಎಚ್‌ಎಲ್‌ಎ-ಬಿ' ಅಂದ ಕೂಡಲೇ ಕೌಂಟರ್‌ನಲ್ಲಿ ಕೂತವರು ಎಚ್‌ಎಲ್‌ಎ-ಬಿ27 ಅಂತ ಬಿಲ್ ಮಾಡಿಬಿಡಬಹುದು, ಯಾಕೆಂದರೆ ಅವರಿಗೆ ದಿನಾ ಬರೋದು ಅದೇ. ಅದು ಬೆನ್ನುಮೂಳೆ ಬಿಗಿಯಾಗೋ ಕಾಯಿಲೆಗೆ ಮಾಡೋ ಟೆಸ್ಟ್. ಅದಕ್ಕೂ ಅಲೋಪ್ಯುರಿನಾಲ್‌ಗೂ ಸಂಬಂಧವೇ ಇಲ್ಲ. ಬಿ27 ನೆಗೆಟಿವ್ ಅಂತ ರಿಪೋರ್ಟ್ ಹಿಡಿದುಕೊಂಡು ನಿಶ್ಚಿಂತೆಯಿಂದ ಮಾತ್ರೆ ನುಂಗಿದರೆ ಟೆಸ್ಟ್ ಮಾಡಿಸದೇ ನುಂಗಿದಂತೆಯೇ ಲೆಕ್ಕ.

ಇದೇ ರೀತಿ ಕಾಣೋ ಇನ್ನೆರಡು ಇವೆ. ಎಚ್‌ಎಲ್‌ಎ-ಬಿ*57:01 ಎಚ್‌ಐವಿಗೆ ಕೊಡೋ ಅಬಾಕವಿರ್‌ಗೆ. ಎಚ್‌ಎಲ್‌ಎ-ಬಿ*15:02 ಮೂರ್ಛೆರೋಗಕ್ಕೆ ಕೊಡೋ ಕಾರ್ಬಮಜೆಪೀನ್‌ಗೆ. ಸಿಂಗಾಪುರದಲ್ಲಿ ಇರೋ ನಮ್ಮವರಿಗೆ ಈ 15:02 ಹೆಸರು ಕಿವಿಗೆ ಬಿದ್ದಿರಬಹುದು, ಅಲ್ಲಿ ಏಷ್ಯಾ ಮೂಲದವರಿಗೆ ಹೊಸದಾಗಿ ಕಾರ್ಬಮಜೆಪೀನ್ ಕೊಡೋ ಮುಂಚೆ ಅದನ್ನು ಮಾಡೋದು ರೂಢಿ. ನಮಗೆ ಬೇಕಾದ್ದು ಇದ್ಯಾವುದೂ ಅಲ್ಲ, 58:01.

ಹಾಗಾಗಿ ಚೀಟಿಯಲ್ಲಿ ಡಾಕ್ಟರ್ ಕೈಯಿಂದಲೇ ಪೂರ್ತಿ ಹೆಸರು ಬರೆಸಿಕೊಳ್ಳಿ, ಪಕ್ಕದಲ್ಲಿ 'ಅಲೋಪ್ಯುರಿನಾಲ್‌ಗೆ ಮುಂಚೆ' ಅಂತಲೂ ಬರೆಸಿ. ಲ್ಯಾಬ್‌ನಲ್ಲಿ ಬಿಲ್ ಕೈಗೆ ಬಂದ ಮೇಲೆ ಅಲ್ಲಿ ಯಾವ ನಂಬರ್ ಅಚ್ಚಾಗಿದೆ ಅಂತ ನೋಡಿ, ಆಮೇಲೆ ಕೈ ಚಾಚಿ. ಬರೀ 'ಎಚ್‌ಎಲ್‌ಎ-ಬಿ58' ಅಂತ ಇದ್ದರೂ ಕೇಳಿ, ಯಾಕೆಂದರೆ 58ರ ಗುಂಪಿನಲ್ಲಿ 58:02 ಥರ ಬೇರೆಯವೂ ಇವೆ, ಕೊನೆಯ 01ವರೆಗೂ ಬಿಡಿಸಿ ಹೇಳೋ ಟೆಸ್ಟ್ ನಮಗೆ ಬೇಕು.

ಖಾಲಿ ಹೊಟ್ಟೆ ಬೇಕಾಗಿಲ್ಲ. ಕಾಫಿ, ತಿಂಡಿ ಮುಗಿಸಿ ಹೋಗಬಹುದು. ತೆಗೆಯೋದು ಎರಡು ಮೂರು ಎಂಎಲ್ ರಕ್ತ, ಸಾಮಾನ್ಯವಾಗಿ ನೇರಳೆ ಮುಚ್ಚಳದ ಟ್ಯೂಬ್‌ಗೆ, ಕೆಲವು ಕಡೆ ಕೆನ್ನೆಯ ಒಳಭಾಗ ಉಜ್ಜಿ ತೆಗೆಯೋದೂ ಉಂಟು. ರಕ್ತದಿಂದ ಡಿಎನ್‌ಎ ಬೇರೆ ಮಾಡಿ ಪಿಸಿಆರ್ ಮಾಡುತ್ತಾರೆ. ಕೋವಿಡ್ ಆದಮೇಲೆ ಈ ಶಬ್ದ ಯಾರಿಗೂ ಹೊಸದಲ್ಲ. ಬೆಂಗಳೂರಿನ ದೊಡ್ಡ ಲ್ಯಾಬ್‌ಗಳಲ್ಲಿ ಸಿಗುತ್ತದೆ. ಸಣ್ಣ ಊರಾದರೆ ಹತ್ತಿರದ ಕಲೆಕ್ಷನ್ ಸೆಂಟರ್‌ನಲ್ಲಿ ರಕ್ತ ಕೊಟ್ಟು ಬಂದರೆ ಅವರೇ ಕಳಿಸುತ್ತಾರೆ. ರಿಪೋರ್ಟ್‌ಗೆ ಒಂದು ವಾರ, ಕೆಲವೊಮ್ಮೆ ಸ್ವಲ್ಪ ಜಾಸ್ತಿ. ಖರ್ಚು ಸಾವಿರಗಳಲ್ಲಿ ಬರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಒಳ್ಳೇ ವ್ಯತ್ಯಾಸ ಇರುತ್ತದೆ, ಫೋನ್ ಮಾಡಿ ಎರಡು ಮೂರು ಕಡೆ ವಿಚಾರಿಸಿ.

ಮೂಳೆ ಮಜ್ಜೆ ಕಸಿ ಆದವರು ಮಾತ್ರ ಲ್ಯಾಬ್‌ಗೆ ಮೊದಲೇ ಹೇಳಬೇಕು. ಅವರ ರಕ್ತದಲ್ಲಿ ಇರೋದು ದಾನಿಯ ಡಿಎನ್‌ಎ.

ಅಷ್ಟು ದಿನ ಕಾಯೋದು ಹೇಗೆ, ಕಾಲು ಬೆಂಕಿ ಥರ ಉರೀತಾ ಇದೆ ಅನ್ನುತ್ತೀರಾ? ಉರಿ ಇಳಿಸೋ ಔಷಧಿಯೇ ಬೇರೆ, ಯೂರಿಕ್ ಆಸಿಡ್ ಇಳಿಸೋ ಔಷಧಿಯೇ ಬೇರೆ. ಉರಿಗೆ ಕಾಲ್ಚಿಸಿನ್, ನೋವಿನ ಮಾತ್ರೆ ಅಥವಾ ಸ್ವಲ್ಪ ದಿನ ಸ್ಟೀರಾಯ್ಡ್, ನಿಮ್ಮ ಕಿಡ್ನಿ, ಸಕ್ಕರೆ ನೋಡಿ ಡಾಕ್ಟರ್ ಆರಿಸುತ್ತಾರೆ. ಅಲೋಪ್ಯುರಿನಾಲ್ ಆ ರಾತ್ರಿಯ ನೋವನ್ನು ಕಡಿಮೆ ಮಾಡೋದೇ ಇಲ್ಲ. ವರ್ಷಾನುಗಟ್ಟಲೆ ಕೀಲಲ್ಲಿ ಕೂತ ಹರಳು ಕರಗಬೇಕು, ಅದಕ್ಕೆ ತಿಂಗಳುಗಳು ಬೇಕು. ಹತ್ತು ದಿನ ತಡವಾದರೆ ಏನೂ ಹಾಳಾಗೋದಿಲ್ಲ.

ರಿಪೋರ್ಟ್ ಬಂತು

ಎರಡೇ ಉತ್ತರ. 'ಡಿಟೆಕ್ಟೆಡ್' ಅಂದರೆ ಜೀನ್ ಇದೆ, 'ನಾಟ್ ಡಿಟೆಕ್ಟೆಡ್' ಅಂದರೆ ಇಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಎರಡರಲ್ಲಿ ಒಂದರಲ್ಲಿ ಇದ್ದರೂ ಪಾಸಿಟಿವ್ ಅಂತಲೇ. ಹೆಟೆರೋಜೈಗಸ್ ಅಂತ ಬರೆದಿದ್ದರೆ ಅರ್ಧ ಅಪಾಯ, ಅರ್ಧ ಮಾತ್ರೆ ತಿನ್ನಬಹುದು ಅಂತ ಲೆಕ್ಕ ಹಾಕಬೇಡಿ.

ಪಾಸಿಟಿವ್ ಬಂದರೆ ಅಲೋಪ್ಯುರಿನಾಲ್ ನಿಮ್ಮ ಪಾಲಿಗೆ ಇಲ್ಲ. ಔಷಧಿ ಮತ್ತು ಜೀನ್ ನಂಟಿನ ಬಗ್ಗೆ ಡಾಕ್ಟರ್‌ಗಳು ನೋಡೋ ಅಂತಾರಾಷ್ಟ್ರೀಯ ಮಾರ್ಗದರ್ಶಿಯೂ ಇದನ್ನೇ ಹೇಳುತ್ತದೆ. ಆದರೆ ಹೆದರಿ ರಾತ್ರಿ ನಿದ್ದೆ ಬಿಡಬೇಡಿ. ಜೀನ್ ಇರೋದು ಕಾಯಿಲೆ ಅಲ್ಲ, ಈ ಮಾತ್ರೆ ತಿನ್ನದಿದ್ದರೆ ಈ ಮಾತ್ರೆಯ ಅಪಾಯ ಇಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಜೀನ್ ಇದ್ದು ಮಾತ್ರೆ ತಿಂದವರಲ್ಲೂ ಬಹುಪಾಲು ಜನಕ್ಕೆ ಏನೂ ಆಗೋದಿಲ್ಲ, ತೈವಾನ್ ಲೆಕ್ಕ ಹಿಡಿದರೆ ನೂರರಲ್ಲಿ ಒಬ್ಬಿಬ್ಬರಿಗೆ ಆಗುತ್ತದೆ. ಹಾಗಾದರೆ ಉಳಿದ 98 ಜನ ಸುಮ್ನೆ ಒಳ್ಳೇ ಮಾತ್ರೆ ಬಿಟ್ಟರಲ್ಲ ಅಂತ ಕೇಳಬಹುದು. ಹೌದು, ಬಿಟ್ಟರು. ಆ ಒಬ್ಬಿಬ್ಬರು ಯಾರು ಅಂತ ಹೇಳೋ ಟೆಸ್ಟ್ ಇನ್ನೂ ಇಲ್ಲ, ಬೇರೆ ಮಾತ್ರೆ ಇದೆ, ಹಾಗಾಗಿ ಬಿಡೋದೇ ಸರಿ ಅನ್ನೋದು ನನ್ನ ಲೆಕ್ಕ.

ಬೇರೆ ಅಂದರೆ ಮುಖ್ಯವಾಗಿ ಫೆಬುಕ್ಸೊಸ್ಟಾಟ್, ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಇದರ ರಚನೆಯೇ ಬೇರೆ. ಆದರೆ ಹೃದಯದ ಕಾಯಿಲೆ ಇದ್ದವರು ಡಾಕ್ಟರ್‌ಗೆ ಅದನ್ನು ಹೇಳಲೇಬೇಕು. 2018ರ ಒಂದು ದೊಡ್ಡ ಅಧ್ಯಯನದಲ್ಲಿ ಹೃದಯ ಸಂಬಂಧಿ ಸಾವು ಸ್ವಲ್ಪ ಜಾಸ್ತಿ ಕಂಡಿದ್ದಕ್ಕೆ 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಪ್ಪು ಚೌಕದ ಎಚ್ಚರಿಕೆ, ಅಂದರೆ ಅಲ್ಲಿನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. 2020ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ಗೊಂದಲ ಇದೆ, ಅದಕ್ಕೇ ಕೇಳಿ ತೆಗೆದುಕೊಳ್ಳಿ. ಲಿವರ್ ಟೆಸ್ಟ್ ಆಗಾಗ ಬೇಕು. ಕಿಡ್ನಿ ಚೆನ್ನಾಗಿದ್ದು ಕಲ್ಲಿನ ತೊಂದರೆ ಇಲ್ಲದವರಿಗೆ ಪ್ರೊಬೆನೆಸಿಡ್ ಥರದ್ದೂ ಇದೆ.

ನೆಗೆಟಿವ್ ಬಂದವರು ಖುಷಿಪಡಿ, ಆದರೆ ಒಂದು ಮಾತು. ನೆಗೆಟಿವ್ ಅಂದರೆ ಅಪಾಯ ತುಂಬಾ ಕಡಿಮೆ, ಸೊನ್ನೆ ಅಲ್ಲ. ತೈವಾನ್‌ನಲ್ಲಿ ತೊಂದರೆ ಆದ ಎಲ್ಲರಿಗೂ ಜೀನ್ ಇತ್ತು ಅಂದೆನಲ್ಲ, ಯುರೋಪಿನಲ್ಲಿ ನೋಡಿದಾಗ ಅಂಥ 27 ರೋಗಿಗಳಲ್ಲಿ 15 ಜನಕ್ಕೆ ಮಾತ್ರ ಇತ್ತು. ಉಳಿದವರಿಗೆ ಜೀನ್ ಇಲ್ಲದೆಯೂ ಆಗಿದೆ. ಹಾಗಾಗಿ ಟೆಸ್ಟ್ ನೆಗೆಟಿವ್ ಇದ್ದರೂ ನಿಧಾನವಾಗಿ ಶುರು ಮಾಡೋದು ಬಿಡಬೇಡಿ.

ನಿಧಾನ ಅಂದರೆ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ, ಕಿಡ್ನಿ ಸೋತಿದ್ದರೆ 50, ಅಂದರೆ 100ರ ಮಾತ್ರೆಯಲ್ಲಿ ಅರ್ಧ. ಮೊದಲ ದಿನವೇ 300ರ ಮಾತ್ರೆ ಬರೆದಿದ್ದರೆ ನಿಲ್ಲಿಸಿ ಕೇಳಿ. ಆಮೇಲೆ ಕೆಲವು ವಾರಕ್ಕೊಮ್ಮೆ ರಕ್ತ ನೋಡಿಕೊಂಡು ಸ್ವಲ್ಪ ಸ್ವಲ್ಪ ಏರಿಸಬೇಕು, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರೋವರೆಗೆ. ನಮ್ಮಲ್ಲಿ ಇದರ ಉಲ್ಟಾನೂ ನಡೆಯುತ್ತದೆ: 100ಕ್ಕೆ ಶುರು ಮಾಡಿ, ಹೆದರಿ ಅಲ್ಲೇ ನಿಲ್ಲಿಸಿ, ಯೂರಿಕ್ ಆಸಿಡ್ 8ರಲ್ಲೇ ಇದ್ದು, 'ಈ ಮಾತ್ರೆ ನನಗೆ ಹಿಡಿಸಲಿಲ್ಲ' ಅನ್ನೋರು. ಶುರುವಿನ ಪ್ರಮಾಣ ಕಡಿಮೆ ಇರಬೇಕು, ಕೊನೆಗೆ ನಿಲ್ಲೋ ಪ್ರಮಾಣ ನಂಬರ್ ನೋಡಿ. ಶುರುವಿನ ತಿಂಗಳುಗಳಲ್ಲಿ ಹರಳು ಕದಲುವುದರಿಂದ ಗೌಟ್ ಮತ್ತೆ ಮತ್ತೆ ಬರಬಹುದು, ಅದಕ್ಕೆ ಮೂರರಿಂದ ಆರು ತಿಂಗಳು ಕಾಲ್ಚಿಸಿನ್ ಥರದ್ದನ್ನು ಜೊತೆಗೆ ಕೊಡುತ್ತಾರೆ. ಅದು ಅಲರ್ಜಿ ಅಲ್ಲ, ಮಾತ್ರೆ ಬಿಡಬೇಡಿ.

ರೋಗನಿರೋಧಕ ಶಕ್ತಿ ತಗ್ಗಿಸೋ ಅಜಥಯೋಪ್ರಿನ್ ಮಾತ್ರೆ ತೆಗೆದುಕೊಳ್ಳೋರು, ಅಂದರೆ ಕಿಡ್ನಿ ಕಸಿ ಆದವರು, ಲೂಪಸ್, ಕರುಳಿನ ಉರಿಯೂತ ಇರೋರಲ್ಲಿ ಕೆಲವರು, ಇವರಿಗೆ ಜೀನ್ ಏನೇ ಹೇಳಲಿ ಅಲೋಪ್ಯುರಿನಾಲ್ ಜೊತೆಗೆ ಸೇರಿದರೆ ಬೇರೆಯದೇ ಅಪಾಯ ಇದೆ. ರಕ್ತಕಣಗಳು ಕುಸಿಯುತ್ತವೆ. ಫೆಬುಕ್ಸೊಸ್ಟಾಟ್‌ಗೂ ಇದೇ ಮಾತು. ಎರಡೂ ಬರೆದ ಡಾಕ್ಟರ್‌ಗಳು ಬೇರೆ ಬೇರೆಯವರಾದರೆ ನೀವೇ ಬಾಯಿ ಬಿಟ್ಟು ಹೇಳಬೇಕು.

ಮೊದಲ ಮೂರು ತಿಂಗಳು ಕಣ್ಣಿಟ್ಟಿರಿ

ಈ ತೊಂದರೆ ಬರೋದು ಬಹುತೇಕ ಮೊದಲ ಎರಡು ಮೂರು ತಿಂಗಳಲ್ಲಿ. ಮೊದಲ ದಿನವೇ ಬರೋದಿಲ್ಲ, ಅದೇ ಮೋಸ. ಮೂರು ವಾರ ಆರಾಮಾಗಿ ತಿಂದ ಮಾತ್ರೆ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ಜ್ವರ, ಗಂಟಲು ನೋವು, ಕಣ್ಣು ಕೆಂಪು, ಅಷ್ಟರಲ್ಲಿ ವೈರಲ್ ಫೀವರ್ ಅಂತ ಒಂದು ಆಂಟಿಬಯೋಟಿಕ್ ಕೊಟ್ಟಿರುತ್ತಾರೆ. ಎರಡು ದಿನಕ್ಕೆ ಎದೆ, ಮುಖದ ಮೇಲೆ ಕೆಂಪು ದದ್ದು. ಅದನ್ನು ಮುಟ್ಟಿದರೆ ತುರಿಕೆಗಿಂತ ನೋವು ಜಾಸ್ತಿ. ಬಾಯಲ್ಲಿ ಹುಣ್ಣು, ಸಾರು ಅನ್ನವೂ ಉರಿಯುತ್ತದೆ. ಮೂತ್ರ ಮಾಡುವಾಗ ಉರಿ. ಆಮೇಲೆ ನೀರು ಗುಳ್ಳೆ. ಇನ್ನು ಕೆಲವರಿಗೆ ಮುಖ ಊದುತ್ತದೆ, ಕುತ್ತಿಗೆಯಲ್ಲಿ ಗಡ್ಡೆ ಏಳುತ್ತದೆ, ಕಣ್ಣು ಹಳದಿಯಾಗುತ್ತದೆ.

ಮಾತ್ರೆ ಶುರು ಮಾಡಿದ ಮೇಲೆ ದದ್ದು ಕಂಡರೆ ಆ ಹೊತ್ತಿನ ಮಾತ್ರೆಯನ್ನೂ ನುಂಗಬೇಡಿ, ಅದೇ ದಿನ ಡಾಕ್ಟರ್‌ಗೆ ತೋರಿಸಿ. ದದ್ದಿನ ಜೊತೆ ಜ್ವರ, ಬಾಯಿ ಹುಣ್ಣು, ಕಣ್ಣು ಕೆಂಪು, ಗುಳ್ಳೆ ಯಾವುದು ಸೇರಿದರೂ ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ, ಚರ್ಮದ ಡಾಕ್ಟರ್, ಕಣ್ಣಿನ ಡಾಕ್ಟರ್, ಐಸಿಯು ಮೂರೂ ಇರೋ ಕಡೆಗೆ. ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜ್ ಇದ್ದರೆ ಅಲ್ಲಿಗೇ ಹೋಗಿ. ಮನೆಯಲ್ಲಿರೋ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳನ್ನು ಒಂದು ಕವರ್‌ಗೆ ಹಾಕಿ ತೆಗೆದುಕೊಂಡು ಹೋಗಿ, ಯಾವುದು ಯಾವತ್ತು ಶುರುವಾಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಬೇವಿನ ಎಲೆ ನೀರಲ್ಲಿ ಸ್ನಾನ, 'ಅಮ್ಮ' ಬಂದಿದ್ದಾಳೆ ಅಂತ ಎರಡು ದಿನ ಕಾಯೋದು, ಇದೆಲ್ಲಾ ಬೇಡವೇ ಬೇಡ.

ಒಮ್ಮೆ ಇಂಥದ್ದು ಆದಮೇಲೆ ಆ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ನೋಡೋಣ ಅಂತ ಮತ್ತೆ ತೆಗೆದುಕೊಳ್ಳುವ ಹಾಗಿಲ್ಲ, ಟೆಸ್ಟ್ ನೆಗೆಟಿವ್ ಬಂದರೂ ಇಲ್ಲ. ಔಷಧಿಯಿಂದ ಆದ ತೊಂದರೆಯನ್ನು ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ರೋಗಿಯ ಕಡೆಯವರೂ ತಿಳಿಸಬಹುದು, 1800-180-3024 ಉಚಿತ ಕರೆ.

ಈಗಾಗಲೇ ತಿನ್ನುತ್ತಿರುವವರು, ಮನೆಯವರು

ವರ್ಷಗಟ್ಟಲೆಯಿಂದ ಅಲೋಪ್ಯುರಿನಾಲ್ ತಿಂದು ಆರಾಮಾಗಿರೋರು ಇದನ್ನು ಓದಿ ಹೆದರಿ ಮಾತ್ರೆ ಬಿಡಬೇಡಿ. ಅಪಾಯದ ಕಾಲ ನೀವು ದಾಟಿದ್ದೀರಿ, ಟೆಸ್ಟ್ ಕೂಡ ಬೇಕಾಗಿಲ್ಲ. ನಡುವೆ ಬಿಟ್ಟು ಬಹಳ ಕಾಲದ ಮೇಲೆ ಮತ್ತೆ ಶುರು ಮಾಡುವವರು ಮಾತ್ರ ಹಳೇ 300ಕ್ಕೆ ಸೀದಾ ಹಾರಬೇಡಿ, ಡಾಕ್ಟರ್ ಕೇಳಿ ಕೆಳಗಿನಿಂದ ಏರಿಸಿ. ತಿಂಗಳೊಳಗೆ ಶುರು ಮಾಡಿದವರು ಇಜಿಎಫ್‌ಆರ್ ನೋಡಿಕೊಂಡು ಡಾಕ್ಟರ್ ಹತ್ತಿರ ಮಾತಾಡಿ, ಮೇಲಿನ ಲಕ್ಷಣಗಳ ಮೇಲೆ ಕಣ್ಣಿಡಿ.

ಪಾಸಿಟಿವ್ ಬಂದ ರಿಪೋರ್ಟ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಜೊತೆಗೆ 'ಅಲೋಪ್ಯುರಿನಾಲ್ ಕೊಡಬಾರದು' ಅಂತ ಒಂದು ಚೀಟಿ ಪರ್ಸ್‌ನಲ್ಲಿ. ಯಾಕೆಂದರೆ ಈ ಮಾತ್ರೆಯನ್ನು ಗೌಟ್‌ಗೆ ಮಾತ್ರ ಕೊಡೋದಿಲ್ಲ. ಕಿಡ್ನಿ ಕಲ್ಲಿಗೆ ಕೊಡುತ್ತಾರೆ, ಕ್ಯಾನ್ಸರ್‌ಗೆ ಕೀಮೋ ಶುರು ಮಾಡುವಾಗಲೂ ಕೊಡುತ್ತಾರೆ, ಆಗ ನಿಮ್ಮ ಹಳೇ ಗೌಟ್ ಡಾಕ್ಟರ್ ಪಕ್ಕದಲ್ಲಿ ಇರೋದಿಲ್ಲ.

ನಿಮ್ಮಲ್ಲಿ ಒಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಅದು ಹೋಗೋ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕಂತ ಪಿಯುಸಿ ಓದೋ ಮಗಳಿಗೆ ಈಗಲೇ ರಕ್ತ ತೆಗೆಸಬೇಕಾಗಿಲ್ಲ, ಮುಂದೆ ಯಾವತ್ತಾದರೂ ಈ ಮಾತ್ರೆಯ ಮಾತು ಬಂದಾಗ ಮಾಡಿಸಿದರಾಯಿತು. ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಮಾತ್ರ ಈ ವಾರವೇ ಫೋನ್ ಮಾಡಿ ಹೇಳಿ. ಗೌಟ್ ಮನೆತನದಲ್ಲಿ ಸಾಗೋದು, ವಯಸ್ಸೂ ಹೆಚ್ಚುಕಮ್ಮಿ ನಿಮ್ಮದೇ, ಅವರಲ್ಲೊಬ್ಬರ ಯೂರಿಕ್ ಆಸಿಡ್ ರಿಪೋರ್ಟ್ ಈಗ ಯಾವ ಡಾಕ್ಟರ್ ಮೇಜಿನ ಮೇಲಿದೆಯೋ ಯಾರಿಗೆ ಗೊತ್ತು.